ಯಾದಗಿರಿಯ ಮಕ್ಕಳ ಕುಂಠಿತ ಬೆಳವಣಿಗೆ: ಸಾಮಾಜಿಕ ಕಾರಣಗಳನ್ನು ಅಧ್ಯಯನದಲ್ಲಿ ಅಳೆಯುವುದು ಹೇಗೆ?

ಪ್ರಶ್ನೆ: ಸಾರ್ವಜನಿಕ ಆರೋಗ್ಯ ವಿಭಾಗದ ವಿದ್ಯಾರ್ಥಿನಿ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಸ್ನಾತಕೋತ್ತರ ಪದವಿಯ ಪ್ರಬಂಧಕ್ಕಾಗಿ ಯಾದಗಿರಿ ಜಿಲ್ಲೆಯ ಶಹಾಪುರ ಮತ್ತು ಸುರಪುರ ತಾಲ್ಲೂಕುಗಳ ಕೆಲವು ಹಳ್ಳಿಗಳಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗಿನ ಮಕ್ಕಳ ಬೆಳವಣಿಗೆಯನ್ನು ಅಧ್ಯಯನ ಮಾಡಲು ಹೊರಟಿದ್ದೇನೆ. ಈ ವಿಷಯ ಆರಿಸಿಕೊಳ್ಳಲು ಕಾರಣವಾದ ಅಂಕಿಗಳು ನಿಮ್ಮಲ್ಲಿ ಅನೇಕರಿಗೆ ಗೊತ್ತಿರುವಂಥವೇ. ನಾಲ್ಕನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಅಂದರೆ 2015–16ರಲ್ಲಿ, ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 36.2ರಷ್ಟು ಮಂದಿಗೆ ವಯಸ್ಸಿಗೆ ತಕ್ಕ ಎತ್ತರ ಇರಲಿಲ್ಲ; ಇದನ್ನೇ ಕುಂಠಿತ ಬೆಳವಣಿಗೆ ಎನ್ನುವುದು. ಐದನೆಯ ಸಮೀಕ್ಷೆಯ ತಂಡಗಳು 2019ರ ಜುಲೈನಿಂದ ಡಿಸೆಂಬರ್‌ವರೆಗೆ ರಾಜ್ಯದಲ್ಲಿ ಓಡಾಡಿ ಅಳೆದಾಗ ಅದು ಶೇ 35.4 ಆಗಿತ್ತು. ಎತ್ತರಕ್ಕೆ ತಕ್ಕ ತೂಕವಿಲ್ಲದ ಕೃಶ ಮಕ್ಕಳ ಪ್ರಮಾಣ ಇದೇ ಅವಧಿಯಲ್ಲಿ ಶೇ 26.1ರಿಂದ 19.5ಕ್ಕೆ ಇಳಿದಿದ್ದರೂ ಕುಂಠಿತ ಬೆಳವಣಿಗೆ ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಇದೆ. ಯಾದಗಿರಿಯಲ್ಲಂತೂ ಅರ್ಧಕ್ಕಿಂತ ಹೆಚ್ಚು ಮಕ್ಕಳು ಈ ಗುಂಪಿಗೆ ಸೇರುತ್ತಾರೆ. ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ 2013ರಲ್ಲಿ ಬಂತು, ಗರ್ಭಿಣಿಯರಿಗೂ ಬಾಣಂತಿಯರಿಗೂ ಬಿಸಿಯೂಟ ಕೊಡುವ ಮಾತೃಪೂರ್ಣ 2017ರಲ್ಲಿ ಬಂತು, ಅಂಗನವಾಡಿಯ ಪೂರಕ ಆಹಾರ ಅದಕ್ಕೂ ಬಹಳ ಹಿಂದಿನಿಂದಲೇ ಇದೆ. ಆದರೂ ಏಕೆ ಹೀಗೆ ಎಂಬುದು ನನ್ನ ಮೂಲ ಪ್ರಶ್ನೆ.

ವಿಭಾಗದಲ್ಲಿ ಸಾಮಾನ್ಯವಾಗಿ ಅನುಸರಿಸುವ ಕ್ರಮ ಹೀಗಿದೆ: ಜಾತಿ, ಮನೆಯ ಆರ್ಥಿಕ ಸ್ಥಿತಿ, ತಾಯಿಯ ಓದು, ಮದುವೆಯಾದಾಗಿನ ವಯಸ್ಸು, ಶೌಚಾಲಯ, ಮಗುವಿನ ಜನನ ಕ್ರಮ, ಆಹಾರದ ವೈವಿಧ್ಯ, ಅತಿಸಾರ ಇವೆಲ್ಲವನ್ನೂ ಒಂದೇ ರಿಗ್ರೆಷನ್ ಮಾದರಿಗೆ (ಉಳಿದ ಅಂಶಗಳು ಸಮಾನವಾಗಿದ್ದರೆ ಪ್ರತಿ ಅಂಶದ ಸಂಬಂಧ ಎಷ್ಟು ಎಂದು ಲೆಕ್ಕ ಹಾಕುವ ವಿಧಾನ) ಹಾಕಿ, ಯಾವುದು ಸಂಖ್ಯಾಶಾಸ್ತ್ರೀಯವಾಗಿ ಮಹತ್ವದ್ದಾಗಿ ಉಳಿಯುತ್ತದೋ ಅದನ್ನು ಮುಖ್ಯ ಅಪಾಯಕಾರಿ ಅಂಶವೆಂದು ವರದಿ ಮಾಡುವುದು. ಸಮೀಕ್ಷೆಯ ದತ್ತಾಂಶವನ್ನು ಇಟ್ಟುಕೊಂಡು ಅಭ್ಯಾಸಕ್ಕಾಗಿ ಹೀಗೆ ಮಾಡಿ ನೋಡಿದಾಗ, ಒಂಟಿಯಾಗಿ ನೋಡಿದರೆ ಬಹಳ ಬಲವಾಗಿ ಕಾಣುವ ತಾಯಿಯ ಓದಿನ ಸಂಬಂಧವು ಮನೆಯ ಆರ್ಥಿಕ ಸ್ಥಿತಿಯನ್ನೂ ಮಗುವಿನ ಆಹಾರವನ್ನೂ ಸೇರಿಸಿದ ಕೂಡಲೇ ಕುಗ್ಗಿಹೋಯಿತು. ಹಾಗಾದರೆ ತಾಯಿಯ ಓದು ಮುಖ್ಯವಲ್ಲ ಎಂದು ಬರೆಯಬಹುದೇ? ನನಗೆ ಅದು ಸರಿಯೆನಿಸುತ್ತಿಲ್ಲ, ಆದರೆ ಏಕೆ ಸರಿಯಲ್ಲ ಎಂದು ಸ್ಪಷ್ಟವಾಗಿ ಹೇಳಲೂ ಆಗುತ್ತಿಲ್ಲ. ಜೊತೆಗೆ, ರಾಷ್ಟ್ರೀಯ ಸಮೀಕ್ಷೆಗಳ ಕಣ್ಣಿಗೆ ಬೀಳದ, ಆದರೆ ಈ ಭಾಗದ ಹಳ್ಳಿಗಳಲ್ಲಿ ನಿಜವಾಗಿ ಕೆಲಸ ಮಾಡುತ್ತಿರುವ ಸಾಮಾಜಿಕ ಕಾರಣಗಳು ಯಾವುವು ಎಂಬುದನ್ನು ಕ್ಷೇತ್ರದಲ್ಲಿ ದುಡಿದವರಿಂದ ತಿಳಿಯಬೇಕೆಂದಿದ್ದೇನೆ.

ಉತ್ತರ 1: ಸಾಂಕ್ರಾಮಿಕಶಾಸ್ತ್ರದ ಅಧ್ಯಾಪಕರು, ಬೆಂಗಳೂರು

ನಿಮ್ಮ ಅನುಮಾನ ಸರಿಯಾಗಿದೆ. ಅದನ್ನು ಬಿಟ್ಟುಕೊಡಬೇಡಿ.

ಯುನಿಸೆಫ್ 1990ರಲ್ಲಿ ಮುಂದಿಟ್ಟ ಚೌಕಟ್ಟಿನಿಂದಲೇ ಆರಂಭಿಸೋಣ. ಮಗುವಿನ ಬೆಳವಣಿಗೆಗೆ ನೇರವಾಗಿ ತಾಗುವ ಕಾರಣಗಳು ಎರಡು, ಆಹಾರ ಮತ್ತು ಕಾಯಿಲೆ. ಅವುಗಳ ಹಿಂದೆ ಮನೆಯಲ್ಲಿ ಕಾಳುಕಡಿ ಇರುವುದು, ಮಗುವನ್ನು ನೋಡಿಕೊಳ್ಳುವವರು ಇರುವುದು, ನೀರು, ನೈರ್ಮಲ್ಯ, ಆರೋಗ್ಯ ಸೇವೆ. ಇವೆಲ್ಲದರ ಹಿಂದೆ ಭೂಮಿ, ಕೂಲಿ, ಜಾತಿ, ಹೆಣ್ಣಿನ ಸ್ಥಾನಮಾನ, ಸರ್ಕಾರದ ಆದ್ಯತೆಗಳು. ಮೇಲಿನ ಹಂತದ ಕಾರಣ ಮಗುವನ್ನು ತಲುಪುವುದೇ ಕೆಳಗಿನ ಹಂತಗಳ ಮೂಲಕ. ತಾಯಿಯ ಓದು ಮಗುವಿನ ಎತ್ತರವನ್ನು ತಾನಾಗಿ ಹೆಚ್ಚಿಸುವುದಿಲ್ಲ. ತಡವಾದ ಮದುವೆ, ಸ್ವಲ್ಪ ಉತ್ತಮ ಸಂಪಾದನೆ, ಮಗುವಿಗೆ ಏನು ಉಣಿಸಬೇಕೆಂದು ಮನೆಯಲ್ಲಿ ತನ್ನ ಮಾತು ನಡೆಯುವುದು, ಕಾಯಿಲೆ ಬಿದ್ದಾಗ ಆಸ್ಪತ್ರೆಗೆ ಹೋಗುವ ಧೈರ್ಯ, ಹೀಗೆ ಹಲವು ದಾರಿಗಳಿಂದ ಹೆಚ್ಚಿಸುತ್ತದೆ. ನೀವು ಆಹಾರವನ್ನೂ ಆರ್ಥಿಕ ಸ್ಥಿತಿಯನ್ನೂ ಅದೇ ಮಾದರಿಗೆ ಹಾಕಿದಾಗ ಆ ದಾರಿಗಳನ್ನೇ ಮುಚ್ಚಿಬಿಟ್ಟು, ಉಳಿದ ಅಂಕಿಯನ್ನು ಓದಿನ ಪರಿಣಾಮವೆಂದು ಕರೆಯುತ್ತಿದ್ದೀರಿ. ಹೊಳೆಗೆ ಅಣೆಕಟ್ಟು ಹಾಕಿ, ಕೆಳಗೆ ನೀರಿಲ್ಲವೆಂದು ಮೂಲದಲ್ಲೇ ನೀರಿಲ್ಲ ಎನ್ನುವಂತಾಗುತ್ತದೆ ಇದು.

ಬ್ರೆಜಿಲ್‌ನ ಪೆಲೋಟಸ್ ನಗರದಲ್ಲಿ ದಶಕಗಳ ಕಾಲ ಮಕ್ಕಳ ಬೆಳವಣಿಗೆಯನ್ನು ಹಿಂಬಾಲಿಸಿದ ಸೆಸಾರ್ ವಿಕ್ಟೋರಾ ಮತ್ತು ಸಹೋದ್ಯೋಗಿಗಳು 1997ರಲ್ಲೇ ಇದಕ್ಕೆ ಹಂತ ಹಂತದ ವಿಶ್ಲೇಷಣೆಯ ಕ್ರಮವನ್ನು ವಿವರಿಸಿದ್ದಾರೆ. ಮೊದಲು ಮೇಲಿನ ಹಂತದ ಅಂಶಗಳನ್ನು ಮಾತ್ರ ಇಟ್ಟು ಅವುಗಳ ಒಟ್ಟು ಪರಿಣಾಮವನ್ನು ಅಳೆಯಬೇಕು. ಆನಂತರ ಮಧ್ಯದ ಹಂತವನ್ನು ಸೇರಿಸಿ, ಅದರ ಅಂಶಗಳನ್ನು ಮೇಲಿನವುಗಳ ಹಿನ್ನೆಲೆಯಲ್ಲಿ ಓದಬೇಕು. ಕೊನೆಗೆ ಆಹಾರ ಮತ್ತು ಕಾಯಿಲೆ. ಓದಿನ ಬಗ್ಗೆ ಹೇಳುವ ಅಂಕಿಯನ್ನು ಕೊನೆಯ ಮಾದರಿಯಿಂದ ಎತ್ತಿಕೊಳ್ಳಬಾರದು. ಒಂದೇ ಕೋಷ್ಟಕದ ಎಲ್ಲ ಸಾಲುಗಳನ್ನೂ ಒಂದೇ ಅರ್ಥದಲ್ಲಿ ಓದುವುದು ನಮ್ಮ ಪ್ರಬಂಧಗಳಲ್ಲಿ ಅತ್ಯಂತ ಹೆಚ್ಚಾಗಿ ಕಾಣುವ ದೋಷ. ಅದರ ಫಲವಾಗಿ ಮೇಲಿನ ಕಾರಣಗಳು ಪ್ರತಿ ಬಾರಿಯೂ ಮಾಯವಾಗಿ, ‘ತಾಯಂದಿರಲ್ಲಿ ಅರಿವಿನ ಕೊರತೆ’ ಎಂಬ ಒಂದೇ ತೀರ್ಮಾನ ಮತ್ತೆ ಮತ್ತೆ ಅಚ್ಚಾಗುತ್ತಿದೆ. ಈ ಮಾತನ್ನು ನಾನು ಕಳಕಳಿಯಿಂದಲೇ ಹೇಳುತ್ತಿದ್ದೇನೆ, ಏಕೆಂದರೆ ತೀರ್ಮಾನ ಹಾಗೆ ಬರೆದರೆ ಪರಿಹಾರವೂ ಹಾಗೆಯೇ ಆಗುತ್ತದೆ: ಇನ್ನೊಂದು ಭಿತ್ತಿಪತ್ರ, ಇನ್ನೊಂದು ಅರಿವು ಕಾರ್ಯಕ್ರಮ.

ಐದನೆಯ ಸಮೀಕ್ಷೆಯ ಅಖಿಲ ಭಾರತ ಅಂಕಿಗಳಲ್ಲಿ, ಶಾಲೆಯ ಮೆಟ್ಟಿಲು ಹತ್ತದ ತಾಯಂದಿರ ಮಕ್ಕಳಲ್ಲಿ ಶೇ 46ರಷ್ಟು ಮತ್ತು ಹನ್ನೆರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಓದಿದವರ ಮಕ್ಕಳಲ್ಲಿ ಶೇ 26ರಷ್ಟು ಕುಂಠಿತ ಬೆಳವಣಿಗೆಯಿದೆ. ಅತಿ ಬಡ ಐದನೇ ಒಂದು ಭಾಗದ ಮನೆಗಳಲ್ಲಿ ಶೇ 46, ಅತಿ ಅನುಕೂಲಸ್ಥ ಐದನೇ ಒಂದು ಭಾಗದಲ್ಲಿ ಶೇ 23. ಈ ಅಂತರ ಸಣ್ಣದಲ್ಲ. ಆದರೆ ಅನುಕೂಲಸ್ಥರಲ್ಲೂ ನಾಲ್ಕರಲ್ಲಿ ಒಂದರಷ್ಟು ಮಕ್ಕಳು ಎತ್ತರದಲ್ಲಿ ಹಿಂದುಳಿದಿರುವುದು, ಹಣವೊಂದೇ ಉತ್ತರವಲ್ಲ ಎಂಬುದನ್ನೂ ತೋರಿಸುತ್ತದೆ.

ಶೌಚಾಲಯದ ಬಗ್ಗೆಯೂ ಎಚ್ಚರ ಬೇಕು. ಬಯಲು ಶೌಚಕ್ಕೂ ಮಕ್ಕಳ ಎತ್ತರಕ್ಕೂ ಇರುವ ಸಂಬಂಧ ಅನೇಕ ಸಮೀಕ್ಷೆಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಆದರೆ ಬಾಂಗ್ಲಾದೇಶ, ಕೀನ್ಯಾ ಮತ್ತು ಜಿಂಬಾಬ್ವೆಗಳಲ್ಲಿ ನಡೆದು 2018–19ರಲ್ಲಿ ಪ್ರಕಟವಾದ ದೊಡ್ಡ ಯಾದೃಚ್ಛಿಕ ಪ್ರಯೋಗಗಳಲ್ಲಿ (ಯಾರಿಗೆ ಸೌಲಭ್ಯ ಕೊಡಬೇಕೆಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿ ಹೋಲಿಸುವ ಪ್ರಯೋಗಗಳು) ಮನೆಮನೆಗೆ ಶೌಚಾಲಯ, ಶುದ್ಧೀಕರಿಸಿದ ನೀರು, ಕೈತೊಳೆಯುವ ವ್ಯವಸ್ಥೆ ಒದಗಿಸಿದರೂ ಮಕ್ಕಳ ಎತ್ತರ ಬದಲಾಗಲಿಲ್ಲ. ಪೂರಕ ಆಹಾರ ಕೊಟ್ಟ ಗುಂಪುಗಳಲ್ಲಿ ಮಾತ್ರ ಅಲ್ಪ ಸುಧಾರಣೆ ಕಂಡಿತು. ನೈರ್ಮಲ್ಯ ಬೇಡವೆಂಬುದು ಇದರ ಅರ್ಥವಲ್ಲ. ಒಂದು ಮನೆಗೆ ಶೌಚಾಲಯ ಕೊಟ್ಟ ಮಾತ್ರಕ್ಕೆ ಇಡೀ ಊರಿನ ಮಣ್ಣು, ನೀರು, ದನಕೋಳಿಗಳ ಪರಿಸರ ಬದಲಾಗುವುದಿಲ್ಲ ಎಂಬುದು ಹೆಚ್ಚು ಸಂಭವನೀಯ ವಿವರಣೆ. ಹಾಗಾಗಿ ಶೌಚಾಲಯವನ್ನು ಮನೆಯ ಅಂಶವಾಗಿ ಮಾತ್ರವಲ್ಲ, ಹಳ್ಳಿಯಲ್ಲಿ ಎಷ್ಟು ಮನೆಗಳು ಅದನ್ನು ನಿಜವಾಗಿ ಬಳಸುತ್ತಿವೆ ಎಂಬ ಅಂಶವಾಗಿಯೂ ದಾಖಲಿಸಿ.

ಉತ್ತರ 2: ನಿವೃತ್ತ ಅಂಗನವಾಡಿ ಮೇಲ್ವಿಚಾರಕಿ, ರಾಯಚೂರು

ಅಧ್ಯಾಪಕರು ಹೇಳಿದ ಲೆಕ್ಕಾಚಾರದ ವಿಷಯ ನನ್ನದಲ್ಲ. ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರಿಸುತ್ತೇನಮ್ಮ.

ನಮ್ಮ ಭಾಗದಲ್ಲಿ ಮೊದಲು ಕೇಳಬೇಕಾದದ್ದು ಗುಳೆಯ ಬಗ್ಗೆ. ಸುಗ್ಗಿ ಮುಗಿದು ಊರಿನಲ್ಲಿ ಕೆಲಸ ಕಡಿಮೆಯಾಯಿತೆಂದರೆ ಗಂಡ ಹೆಂಡತಿ ಇಬ್ಬರೂ ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಹೊರಡುತ್ತಾರೆ. ಹಾಲು ಕುಡಿಯುವ ಕೂಸು ಅವರ ಜೊತೆಗೇ ಹೋಗುತ್ತದೆ, ನಡೆದಾಡುವ ಮಗು ಅಜ್ಜಿಯ ಹತ್ತಿರ ಉಳಿಯುತ್ತದೆ. ಶೆಡ್ಡಿನಲ್ಲಿರುವ ಕೂಸಿಗೆ ಅಲ್ಲಿಯ ಅಂಗನವಾಡಿಯೂ ತನ್ನದಲ್ಲ, ಇಲ್ಲಿಯದೂ ಕೈಗೆ ಸಿಗುವುದಿಲ್ಲ. ಲಸಿಕೆಯ ತಾರೀಖು ತಪ್ಪುತ್ತದೆ, ತೂಕ ನೋಡುವವರು ಇರುವುದಿಲ್ಲ. ನೀವು ಬೇಸಿಗೆಯಲ್ಲಿ ಹಳ್ಳಿಗೆ ಬಂದು ಅಳೆದರೆ ಅತಿ ಕಷ್ಟದಲ್ಲಿರುವ ಮಕ್ಕಳು ನಿಮ್ಮ ಲೆಕ್ಕಕ್ಕೇ ಸಿಗುವುದಿಲ್ಲ. ರಾಷ್ಟ್ರೀಯ ಸಮೀಕ್ಷೆಯಲ್ಲಿಯೂ ಹಿಂದಿನ ರಾತ್ರಿ ಆ ಮನೆಯಲ್ಲಿ ಮಲಗಿದ್ದ ಮಕ್ಕಳದ್ದೇ ಲೆಕ್ಕ ಎಂದು ಕೇಳಿದ್ದೇನೆ. ಆದ್ದರಿಂದ ಬೀಗ ಹಾಕಿದ ಮನೆಗಳನ್ನು ಬಿಟ್ಟು ಮುಂದೆ ಹೋಗಬೇಡಿ. ಯಾರ ಮನೆ, ಯಾವಾಗ ಹೋದರು, ಎಷ್ಟು ಮಕ್ಕಳು ಜೊತೆಗೆ ಹೋದವು ಎಂದು ಪಕ್ಕದ ಮನೆಯವರನ್ನಾದರೂ ಕೇಳಿ ಬರೆದುಕೊಳ್ಳಿ.

ಊರಲ್ಲೇ ಇರುವ ತಾಯಂದಿರ ಕಥೆಯೂ ಸುಲಭವಲ್ಲ. ನೀವು ಆರಿಸಿಕೊಂಡ ಶಹಾಪುರ, ಸುರಪುರ ಕಡೆ ನಾರಾಯಣಪುರ ಎಡದಂಡೆ ಕಾಲುವೆಯ ನೀರಾವರಿ ಇದೆ. ಭತ್ತದ ನಾಟಿ, ಹತ್ತಿಯ ಕಳೆ, ಹತ್ತಿ ಬಿಡಿಸುವುದು, ಮೆಣಸಿನಕಾಯಿ ಕೀಳುವುದು, ಇದೆಲ್ಲ ಹೆಣ್ಣಾಳುಗಳ ಕೆಲಸ. ಬೆಳಿಗ್ಗೆ ರೊಟ್ಟಿ ಬಡಿದಿಟ್ಟು ಹೋದ ತಾಯಿ ಸಂಜೆಗೆ ಮರಳುತ್ತಾಳೆ. ಎಂಟು ತಿಂಗಳ ಕೂಸು ಏಳೆಂಟು ವರ್ಷದ ಅಕ್ಕನ ಸೊಂಟದ ಮೇಲಿರುತ್ತದೆ, ಅಕ್ಕನ ಶಾಲೆಯೂ ತಪ್ಪುತ್ತದೆ. ಆ ವಯಸ್ಸಿನ ಕೂಸಿಗೆ ದಿನಕ್ಕೆ ಮೂರು ನಾಲ್ಕು ಸಲ ಮೆತ್ತಗೆ ಮಾಡಿ ಸ್ವಲ್ಪ ಸ್ವಲ್ಪ ಉಣಿಸಬೇಕು ಎಂದು ನಾವು ಹೇಳಿಕೊಡುತ್ತೇವೆ, ತಾಯಿಗೂ ಅದು ಗೊತ್ತು. ಉಣಿಸುವ ಹೊತ್ತಿಗೆ ಅವಳು ಹೊಲದಲ್ಲಿರುತ್ತಾಳೆ. ಅಕ್ಕನ ಕೈಗೆ ಸಿಗುವುದು ಐದು ರೂಪಾಯಿಯ ಬಿಸ್ಕತ್ತು ಅಥವಾ ಚುರುಮುರಿ. ಪೌಷ್ಟಿಕ ಆಹಾರದ ಪುಡಿಯನ್ನು ಮನೆಗೆ ಕೊಟ್ಟರೆ ಅದು ಕೂಸಿನದೊಂದೇ ಆಗಿ ಉಳಿಯುವುದಿಲ್ಲ, ಮನೆಯ ಎಲ್ಲ ಮಕ್ಕಳಿಗೂ ಹಂಚಿಹೋಗುತ್ತದೆ. ಹಸಿದ ಮನೆಯಲ್ಲಿ ಹಾಗಾಗುವುದು ತಪ್ಪೆಂದು ನಾನು ಯಾರಿಗೂ ಹೇಳಲಾರೆ.

ಸಮಗ್ರ ಶಿಶು ಅಭಿವೃದ್ಧಿ ಯೋಜನೆ ನಮ್ಮ ರಾಜ್ಯದಲ್ಲಿ 1975ರ ಅಕ್ಟೋಬರ್ 2ರಂದು ಟಿ. ನರಸೀಪುರದಲ್ಲಿ ಶುರುವಾಯಿತು. ಅಂದಿನಿಂದಲೂ ಅಂಗನವಾಡಿಯಲ್ಲಿ ಕೂತು ಉಣ್ಣುವವರು ಮೂರರಿಂದ ಆರು ವರ್ಷದ, ತಾವೇ ನಡೆದು ಬರಬಲ್ಲ ಮಕ್ಕಳು. ಎತ್ತರ ಕುಂಠಿತವಾಗುವುದು ಮೂರು ವರ್ಷಕ್ಕೂ ಮೊದಲು ಎಂದು ನಿಮ್ಮಂಥ ಓದಿದವರೇ ಹೇಳುತ್ತೀರಿ. ಆ ವಯಸ್ಸಿನ ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳುವ ಜಾಗ ಅಂಗನವಾಡಿ ಆಗಿಲ್ಲ. ಮಾತೃಪೂರ್ಣದ ಬಿಸಿಯೂಟಕ್ಕೆ ಗರ್ಭಿಣಿಯರು, ಬಾಣಂತಿಯರು ಬರಲು ಹಿಂದೇಟು ಹಾಕಿದ್ದಕ್ಕೂ ದೂರ, ಕೂಲಿ, ಬಾಣಂತನದ ಕಟ್ಟುಪಾಡುಗಳೇ ಕಾರಣವಾಗಿದ್ದವು.

ಅಳತೆಯ ಬಗ್ಗೆ ಎರಡು ಮಾತು. ವಯಸ್ಸನ್ನು ಬಾಯಿಮಾತಿನಿಂದ ಬರೆದುಕೊಳ್ಳಬೇಡಿ. ತಾಯಿ ಕಾರ್ಡ್ ತೆಗೆಸಿ ನೋಡಿ, ಅದಿಲ್ಲದಿದ್ದರೆ ಮೈಲಾಪುರದ ಜಾತ್ರೆ, ಕಾರಹುಣ್ಣಿಮೆ, ಮೊಹರಂ, ಎಳ್ಳಮಾಸೆ ಎಂದು ಹಿಂದು ಮುಂದು ಕೇಳುತ್ತಾ ಹುಟ್ಟಿದ ತಿಂಗಳನ್ನು ಹಿಡಿಯಿರಿ. ಮನೆಗೆ ಹೋಗುವುದಾದರೆ ಬೆಳಕು ಹರಿಯುವ ಹೊತ್ತಿಗೆ ಅಥವಾ ದೀಪ ಹಚ್ಚಿದ ಮೇಲೆ ಹೋಗಿ. ಹನ್ನೊಂದು ಗಂಟೆಗೆ ಹೋದರೆ ಮನೆಯಲ್ಲಿರುವ ತಾಯಂದಿರು ಮಾತ್ರ ಸಿಗುತ್ತಾರೆ, ಅಧ್ಯಯನವೂ ಅವರದಷ್ಟೇ ಆಗುತ್ತದೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಮೇಡಂ ಹೇಳಿದ್ದನ್ನು ಓದಿದ ಮೇಲೆ ನನ್ನ ಪ್ರಶ್ನಾವಳಿಯಲ್ಲಿ ತಾಯಿಯ ಓದಿಗೆ ಹಲವು ಪ್ರಶ್ನೆಗಳಿದ್ದು, ತಾಯಿಯ ದಿನ ಹೇಗೆ ಕಳೆಯುತ್ತದೆ ಎಂಬುದಕ್ಕೆ ಒಂದೂ ಇಲ್ಲದಿರುವುದು ಗಮನಕ್ಕೆ ಬಂತು. ತಾಯಿಯ ಸಮಯವನ್ನು ಅಳೆಯುವುದು ಹೇಗೆ? ಕೆಲಸಕ್ಕೆ ಹೋಗುತ್ತೀರಾ ಎಂದು ಕೇಳಿ ಹೌದು ಅಥವಾ ಇಲ್ಲ ಎಂದು ಗುರುತಿಸಿದರೆ ಸಾಕೇ? ದುಡಿಮೆಯಿಂದ ಮನೆಗೆ ಹಣ ಬರುವುದರಿಂದ ಮಗುವಿಗೆ ಒಳ್ಳೆಯದೂ ಆಗಬಹುದಲ್ಲವೇ?

ಉತ್ತರ 3: ಮಕ್ಕಳ ವೈದ್ಯರು, ಸಮುದಾಯ ಪೌಷ್ಟಿಕತೆಯ ಸಂಶೋಧಕರು, ಹುಬ್ಬಳ್ಳಿ

ಸಮಯದ ಪ್ರಶ್ನೆಗೆ ಬರುವ ಮೊದಲು ಅದಕ್ಕಿಂತ ಹಿಂದಿನ ಒಂದು ಘಟ್ಟವನ್ನು ನೆನಪಿಸಬೇಕು, ಏಕೆಂದರೆ ಅದನ್ನು ಬಿಟ್ಟರೆ ನಿಮ್ಮ ವಿಶ್ಲೇಷಣೆ ಅರ್ಧವಾಗುತ್ತದೆ. ನಾವು ನೋಡುವ ಅನೇಕ ಮಕ್ಕಳು ಹುಟ್ಟುವಾಗಲೇ ಸಣ್ಣಗಿರುತ್ತಾರೆ. ಸಂಶೋಧಕಿ ಡಯಾನ್ ಕಾಫಿ ಅವರು 2015ರಲ್ಲಿ ಪ್ರಕಟಿಸಿದ ಲೆಕ್ಕಾಚಾರದಂತೆ ಭಾರತದಲ್ಲಿ ಗರ್ಭ ಧರಿಸುವ ಹೊತ್ತಿಗೆ ಶೇ 42ರಷ್ಟು ಹೆಂಗಸರು ಕಡಿಮೆ ತೂಕದವರಾಗಿದ್ದರು, ಸಹಾರಾದ ದಕ್ಷಿಣಕ್ಕಿರುವ ಆಫ್ರಿಕಾದಲ್ಲಿ ಈ ಪ್ರಮಾಣ ಶೇ 16.5. ಅದು 2005–06ರ ಸುಮಾರಿನ ದತ್ತಾಂಶ. ಇಂದು ಸ್ಥಿತಿ ಸುಧಾರಿಸಿದೆ, ಆದರೆ ಅದರ ಹಿಂದಿನ ಕಾರಣ ಹೋಗಿಲ್ಲ: ಮನೆಗೆ ಹೊಸದಾಗಿ ಬಂದ ಸೊಸೆ ಕೊನೆಗೆ ಉಣ್ಣುತ್ತಾಳೆ, ಮೊದಲು ಏಳುತ್ತಾಳೆ. ಕರ್ನಾಟಕದಲ್ಲಿ 20ರಿಂದ 24 ವರ್ಷದ ಹೆಂಗಸರಲ್ಲಿ ಶೇ 21.3ರಷ್ಟು ಮಂದಿ ಹದಿನೆಂಟು ತುಂಬುವ ಮೊದಲೇ ಮದುವೆಯಾದವರು ಎಂದು ಐದನೆಯ ಸಮೀಕ್ಷೆ ಹೇಳುತ್ತದೆ. ನಾಲ್ಕನೆಯದರಲ್ಲಿಯೂ ಈ ಅಂಕಿ ಹೆಚ್ಚುಕಡಿಮೆ ಇಷ್ಟೇ ಇತ್ತು. ಕುಂಠಿತ ಬೆಳವಣಿಗೆಯ ಅಂಕಿಯೂ ಅಲುಗಿಲ್ಲ, ಬಾಲ್ಯವಿವಾಹದ ಅಂಕಿಯೂ ಅಲುಗಿಲ್ಲ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡದೆ ನನಗೆ ಇರಲಾಗುವುದಿಲ್ಲ. ಆದ್ದರಿಂದ ತಾಯಿ ಕಾರ್ಡಿನಿಂದ ಮಗುವಿನ ಜನನ ತೂಕವನ್ನೂ, ಗರ್ಭಿಣಿಯಾಗಿದ್ದಾಗ ಮೊದಲ ತಪಾಸಣೆಯಲ್ಲಿ ದಾಖಲಾದ ತಾಯಿಯ ತೂಕವನ್ನೂ ತಪ್ಪದೆ ನಕಲು ಮಾಡಿಕೊಳ್ಳಿ. ತಾಯಿಯ ಎತ್ತರವನ್ನು ನೀವೇ ಅಳೆಯಿರಿ.

ಜನನ ಕ್ರಮವನ್ನೂ ಹಗುರವಾಗಿ ನೋಡಬೇಡಿ. ಅರ್ಥಶಾಸ್ತ್ರಜ್ಞೆಯರಾದ ಸೀಮಾ ಜಯಚಂದ್ರನ್ ಮತ್ತು ರೋಹಿಣಿ ಪಾಂಡೆ 2017ರಲ್ಲಿ ತೋರಿಸಿದಂತೆ, ಆಫ್ರಿಕಾದ ಮಕ್ಕಳಿಗೆ ಹೋಲಿಸಿದರೆ ಭಾರತದ ಮಕ್ಕಳ ಎತ್ತರದ ಕೊರತೆ ಚೊಚ್ಚಲ ಮಗುವಿನಲ್ಲಿ ಕಾಣದೆ, ಎರಡನೆಯ, ಮೂರನೆಯ ಮಕ್ಕಳಿಗೆ ಬರುತ್ತಾ ಹೆಚ್ಚುತ್ತದೆ. ಗಂಡುಮಗು ಬೇಕೆಂಬ ಆಸೆ, ಅದರಲ್ಲೂ ಹಿರಿಯ ಮಗನಿಗೆ ಕೊಡುವ ಆದ್ಯತೆ ಇದರ ಹಿಂದಿದೆ ಎಂಬುದು ಅವರ ವಾದ.

ಇನ್ನು ಸಮಯದ ವಿಚಾರ. ಹೌದು, ಇಲ್ಲ ಎಂಬ ಉತ್ತರ ಸಾಲದು. ಹಿಂದಿನ ಇಪ್ಪತ್ತನಾಲ್ಕು ಗಂಟೆಗಳನ್ನು ತಾಯಿಯ ಜೊತೆ ಕೂತು ಬಿಡಿಸಿ ಕೇಳಿ: ಎದ್ದದ್ದು ಯಾವಾಗ, ನೀರಿಗೆ, ಸೌದೆಗೆ ಎಷ್ಟು ಹೊತ್ತು ಹೋಯಿತು, ಹೊಲಕ್ಕೆ ಹೊರಟದ್ದು ಯಾವಾಗ, ಮರಳಿದ್ದು ಯಾವಾಗ. ಅದೇ ದಿನವನ್ನು ಮಗುವಿನ ಕಡೆಯಿಂದಲೂ ಕೇಳಿ: ಯಾರ ಬಳಿ ಇತ್ತು, ಅವರ ವಯಸ್ಸೆಷ್ಟು, ಎಷ್ಟು ಸಲ ಉಂಡಿತು, ಯಾರು ಉಣಿಸಿದರು, ಏನು ಉಣಿಸಿದರು. ಐದನೆಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಆರು ತಿಂಗಳಿಂದ ಎರಡು ವರ್ಷದ ಮಕ್ಕಳ ಪೈಕಿ ಸಾಕಷ್ಟು ಸಲ, ಸಾಕಷ್ಟು ವೈವಿಧ್ಯದ ಆಹಾರ ಸಿಗುತ್ತಿದ್ದದ್ದು ಸುಮಾರು ಶೇ 11ರಷ್ಟು ಮಕ್ಕಳಿಗೆ ಮಾತ್ರ. ಉಳಿದವರಿಗೆ ಏನು ಸಿಗುತ್ತಿಲ್ಲ ಎಂಬುದರ ಜೊತೆಗೆ ಯಾರು ಸಿಗುತ್ತಿಲ್ಲ ಎಂಬುದೂ ಈ ಪ್ರಶ್ನೆಗಳಿಂದ ಹೊರಬರುತ್ತದೆ. ಸಾಧ್ಯವಾದರೆ ನಾಟಿಯ ಹಂಗಾಮಿನಲ್ಲಿ ಒಮ್ಮೆ, ಕೆಲಸವಿಲ್ಲದ ತಿಂಗಳಲ್ಲಿ ಒಮ್ಮೆ ಕೇಳಿ.

ಹಗಲಿನಲ್ಲಿ ಮಗುವನ್ನು ನೋಡಿಕೊಳ್ಳುವ ವ್ಯವಸ್ಥೆಯಿಂದ ಏನಾದರೂ ಬದಲಾಗುತ್ತದೆಯೇ ಎಂಬುದಕ್ಕೆ ಪೂರ್ವ ಭಾರತದ ಆದಿವಾಸಿ ಪ್ರದೇಶಗಳಿಂದ ಆಧಾರವಿದೆ. ಮಹಿಳಾ ಗುಂಪುಗಳ ಸಭೆ ಮತ್ತು ಮನೆಭೇಟಿಗಳ ಜೊತೆಗೆ ಮೂರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೇಂದ್ರಗಳನ್ನೂ ನಡೆಸಿದ ಊರುಗಳಲ್ಲಿ ಕೃಶತೆ, ಕಡಿಮೆ ತೂಕ, ಕುಂಠಿತ ಬೆಳವಣಿಗೆ ಮೂರೂ ಇಳಿದವು ಎಂದು 2019ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಅದು ಯಾದೃಚ್ಛಿಕ ಪ್ರಯೋಗವಲ್ಲದ ಕಾರಣ ಎಚ್ಚರದಿಂದ ಓದಬೇಕು. ಇದಕ್ಕೆ ಪ್ರತಿಯಾಗಿ, ಜಾರ್ಖಂಡ್‌ನ ಪಶ್ಚಿಮ ಸಿಂಗ್‌ಭೂಮ್ ಮತ್ತು ಒಡಿಶಾದ ಕೆಂದುಝರ್ ಜಿಲ್ಲೆಗಳಲ್ಲಿ ಸಭೆ ಮತ್ತು ಮನೆಭೇಟಿಗಳನ್ನಷ್ಟೇ ಪರೀಕ್ಷಿಸಿದ, 2017ರಲ್ಲಿ ಪ್ರಕಟವಾದ ಯಾದೃಚ್ಛಿಕ ಪ್ರಯೋಗದಲ್ಲಿ ಶಿಶುಮರಣ ತಗ್ಗಿತು, ಕಡಿಮೆ ತೂಕದ ಮಕ್ಕಳ ಪ್ರಮಾಣವೂ ತಗ್ಗಿತು, ಆದರೆ ಉದ್ದದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿ ಕೂಲಿಕಾರರ ಮಕ್ಕಳಿಗಾಗಿ 2023ರಿಂದ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳು ಬಂದಿವೆ. ನೀವು ಆರಿಸಿಕೊಳ್ಳುವ ಹಳ್ಳಿಗಳಲ್ಲಿ ಅವು ಇವೆಯೇ, ಯಾವ ಹೊತ್ತಿನಲ್ಲಿ ತೆರೆದಿರುತ್ತವೆ, ಹತ್ತಿ ಬಿಡಿಸಲು ಖಾಸಗಿ ಹೊಲಕ್ಕೆ ಹೋಗುವ ತಾಯಿಯ ಕೂಸಿಗೂ ಅಲ್ಲಿ ಜಾಗವಿದೆಯೇ ಎಂಬುದನ್ನು ದಾಖಲಿಸಿದರೆ ನಿಮ್ಮ ಪ್ರಬಂಧ ಜಿಲ್ಲಾ ಪಂಚಾಯಿತಿಗೂ ಉಪಯೋಗಕ್ಕೆ ಬರುತ್ತದೆ.

ಉತ್ತರ 1 ಬರೆದ ಅಧ್ಯಾಪಕರಿಂದ ಮತ್ತೆ

ತಾಯಿಯ ದುಡಿಮೆಯಿಂದ ಒಳ್ಳೆಯದೂ ಆಗಬಹುದಲ್ಲವೇ ಎಂದು ಕೇಳಿದಿರಿ. ಈ ಅಧ್ಯಯನದ ಅತ್ಯಂತ ಕಠಿಣ ಭಾಗ ಅದೇ. ಕೂಲಿಯ ಹಣ ಮನೆಗೆ ಬೇಳೆ, ಮೊಟ್ಟೆ, ಔಷಧ ತರುತ್ತದೆ; ಅದೇ ಕೂಲಿಯ ಹೊತ್ತು ಮಗುವಿನ ಊಟದ ಸರದಿಗಳನ್ನು ಕಸಿದುಕೊಳ್ಳುತ್ತದೆ. ಎರಡೂ ಪರಿಣಾಮಗಳು ಬಲವಾಗಿದ್ದು ವಿರುದ್ಧ ದಿಕ್ಕಿಗೆ ಎಳೆದರೆ ಮಾದರಿಯಲ್ಲಿ ಕಾಣುವ ಒಟ್ಟು ಸಂಬಂಧ ಸೊನ್ನೆಗೆ ಹತ್ತಿರವಾಗಿ, ‘ತಾಯಿಯ ಉದ್ಯೋಗ ಮಹತ್ವದ್ದಲ್ಲ’ ಎಂಬ ತಪ್ಪು ಸಾಲು ಬರೆಯುವಂತಾಗುತ್ತದೆ. ಇದರ ಮೇಲೆ, ಹೆಚ್ಚು ಬಡವರೇ ಹೆಚ್ಚು ಕೂಲಿಗೆ ಹೋಗುವುದರಿಂದ ಬಡತನದ ಪರಿಣಾಮವೂ ದುಡಿಮೆಯ ಲೆಕ್ಕಕ್ಕೆ ಬಂದು ಕೂರುತ್ತದೆ. ಆದ್ದರಿಂದ ಹಗಲಿನಲ್ಲಿ ಮಗುವನ್ನು ನೋಡಿಕೊಳ್ಳಲು ಮನೆಯಲ್ಲಿ ಬೇರೊಬ್ಬ ವಯಸ್ಕರು ಇರುವ ಮನೆಗಳನ್ನೂ ಇಲ್ಲದ ಮನೆಗಳನ್ನೂ ಬೇರ್ಪಡಿಸಿ ವಿಶ್ಲೇಷಿಸಿ. ಅಜ್ಜಿಯಿರುವ ಮನೆಯಲ್ಲಿ ತಾಯಿಯ ಕೂಲಿ ಮಗುವಿಗೆ ಅನುಕೂಲವಾಗಿ, ಇಲ್ಲದ ಮನೆಯಲ್ಲಿ ಪ್ರತಿಕೂಲವಾಗಿ ಕಂಡರೆ ಸಮಯದ ಕೊರತೆಗೆ ಅದು ಗಟ್ಟಿಯಾದ ಸುಳಿವು. ರಾಷ್ಟ್ರೀಯ ಸಮೀಕ್ಷೆಯಲ್ಲಿ ಹೆಂಗಸರ ಉದ್ಯೋಗದ ಪ್ರಶ್ನೆಗಳನ್ನು ಶೇ 15ರಷ್ಟು ಮನೆಗಳಲ್ಲಿ ಮಾತ್ರ ಕೇಳುವುದರಿಂದ, ಅದನ್ನೇ ನೆಚ್ಚಿದ ಬಹುಪಾಲು ಪ್ರಬಂಧಗಳಲ್ಲಿ ಈ ವಿಚಾರ ಮೊದಲಿಗೇ ಕೈಬಿಟ್ಟುಹೋಗಿರುತ್ತದೆ.

ವಯಸ್ಸಿನ ಬಗ್ಗೆ ಮೇಡಂ ಹೇಳಿದ್ದರ ತೂಕವನ್ನು ಅಂಕಿಯಲ್ಲಿ ಹೇಳುವುದಾದರೆ, ಒಂದು ವರ್ಷದ ಆಸುಪಾಸಿನಲ್ಲಿ ಮಗು ತಿಂಗಳಿಗೆ ಸುಮಾರು 1.2 ಸೆಂಟಿಮೀಟರ್ ಬೆಳೆಯುತ್ತದೆ, ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾನದಂಡದಲ್ಲಿ ಆ ವಯಸ್ಸಿನ ಒಂದು ಮಾನಕ ವಿಚಲನೆ (ಮಕ್ಕಳ ಎತ್ತರ ಸರಾಸರಿಯಿಂದ ಎಷ್ಟು ಹರಡಿಕೊಂಡಿದೆ ಎಂಬುದರ ಅಳತೆ) ಸುಮಾರು 2.4 ಸೆಂಟಿಮೀಟರ್. ವಯಸ್ಸು ಒಂದು ತಿಂಗಳು ತಪ್ಪಿದರೆ ಮಗುವಿನ ಸ್ಥಾನ ಅರ್ಧ ಮಾನಕ ವಿಚಲನೆಯಷ್ಟು ಜರುಗುತ್ತದೆ, ಕುಂಠಿತ ಬೆಳವಣಿಗೆಯ ಗಡಿಯ ಬಳಿಯಿರುವ ಮಗು ಗೆರೆಯ ಆಚೆಗೋ ಈಚೆಗೋ ಹೋಗಲು ಅಷ್ಟು ಸಾಕು. ಎರಡು ವರ್ಷದೊಳಗಿನ ಮಕ್ಕಳನ್ನು ಹಲಗೆಯ ಮೇಲೆ ಮಲಗಿಸಿ, ಇಬ್ಬರು ಹಿಡಿದು ಅಳೆಯಬೇಕು.

ಕೊನೆಯದಾಗಿ, ನೈತಿಕ ಸಮಿತಿಗೆ ಸಲ್ಲಿಸುವ ಪ್ರಸ್ತಾವದಲ್ಲಿ ಒಂದು ವಿಷಯವನ್ನು ಮೊದಲೇ ಸೇರಿಸಿ. ತೋಳಿನ ಸುತ್ತಳತೆ 11.5 ಸೆಂಟಿಮೀಟರ್‌ಗಿಂತ ಕಡಿಮೆಯಿರುವ ಅಥವಾ ಎರಡೂ ಪಾದಗಳಲ್ಲಿ ಬಾವು ಇರುವ, ಅಂದರೆ ತೀವ್ರ ಅಪೌಷ್ಟಿಕತೆಯ ಲಕ್ಷಣವಿರುವ ಮಗು ಸಿಕ್ಕರೆ, ಅಂದೇ ಆಶಾ ಕಾರ್ಯಕರ್ತೆಗೆ ತಿಳಿಸಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಅಲ್ಲಿಂದ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೂ ಕಳುಹಿಸುವ ಏರ್ಪಾಡು ಇರಬೇಕು. ಅಲ್ಲಿ ದಾಖಲಾದರೆ ತಾಯಿ ಅಷ್ಟು ದಿನ ಕೂಲಿ ಬಿಟ್ಟು ಮಗುವಿನ ಜೊತೆ ಉಳಿಯಬೇಕಾಗುತ್ತದೆ. ಮನೆಯಲ್ಲಿರುವ ಇನ್ನಿತರ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಅಂಗನವಾಡಿ ಕಾರ್ಯಕರ್ತೆಯೊಂದಿಗೆ ಮಾತನಾಡಿ ಮೊದಲೇ ಗೊತ್ತುಮಾಡಿಕೊಳ್ಳಿ. ಪ್ರಶ್ನಾವಳಿಯ ಕರಡು ಸಿದ್ಧವಾದಾಗ ಇಲ್ಲಿಯೇ ಹಾಕಿ, ಸಮಯಕ್ಕೆ ಸಂಬಂಧಿಸಿದ ಭಾಗವನ್ನು ಮೇಡಂ ಅವರೂ ಒಮ್ಮೆ ಓದಿ ನೋಡಲಿ.